ಆಸ್ಟಿನ್ ಸೆವೆನ್ ಕಾರಿನಲ್ಲಿ ಅದರ ಚರಿತ್ರೆಯನ್ನು ಓದುವ ಬಗೆ

ಹಳೆಯ ಕಾರುಗಳ ಪ್ರದರ್ಶನದಲ್ಲಿ ಆಸ್ಟಿನ್ ಸೆವೆನ್ ಕಣ್ಣಿಗೆ ಬಿದ್ದರೆ ಒಂದು ಫೋಟೊ ತೆಗೆದುಕೊಂಡು ಮುಂದೆ ಹೋಗಬೇಡಿ. ಅರ್ಧ ಗಂಟೆ ನಿಂತು ನೋಡುವ ತಾಳ್ಮೆಯಿದ್ದರೆ, ಬ್ರಿಟನ್ನಿನ ಮಧ್ಯಮ ವರ್ಗದ ಸಂಸಾರಗಳಿಗೆ ಕಾರು ಎಟುಕಿದ್ದು ಹೇಗೆಂಬುದನ್ನು ಆ ಪುಟ್ಟ ವಾಹನವೇ ತಿಳಿಸಿಕೊಡುತ್ತದೆ.

ಮೊದಲು ಒಂದು ಲೆಕ್ಕ ಮಾಡಿಕೊಳ್ಳಿ. 1921ರಿಂದ ಅಲ್ಲಿ ಅಶ್ವಶಕ್ತಿಗೆ ಒಂದು ಪೌಂಡಿನಂತೆ ಕಾರುಗಳಿಗೆ ತೆರಿಗೆ ಬೀಳುತ್ತಿತ್ತು. ಆದರೆ ಆ ಅಶ್ವಶಕ್ತಿಯನ್ನು ಎಂಜಿನ್ ಓಡಿಸಿ ಅಳೆಯುತ್ತಿರಲಿಲ್ಲ. ಸಿಲಿಂಡರಿನ ಒಳವ್ಯಾಸವನ್ನು ಇಂಚಿನಲ್ಲಿ ಅಳೆದು, ಅದರ ವರ್ಗವನ್ನು ಸಿಲಿಂಡರುಗಳ ಸಂಖ್ಯೆಯಿಂದ ಗುಣಿಸಿ, 2.5ರಿಂದ ಭಾಗಿಸುತ್ತಿದ್ದರು. 3.75 ಇಂಚು ವ್ಯಾಸದ ನಾಲ್ಕು ಸಿಲಿಂಡರುಗಳಿದ್ದ ಫೋರ್ಡ್ ಮಾಡೆಲ್ ಟಿಗೆ ಈ ಲೆಕ್ಕದಲ್ಲಿ 22.5 ಬಂದರೆ, 2.2 ಇಂಚಿನ ಸೆವೆನ್‌ಗೆ ಬರುವುದು 7.74 ಮಾತ್ರ. ಕಾರಿನ ಹೆಸರು ಈ ಲೆಕ್ಕದಿಂದಲೇ ಬಂದದ್ದು. ಪಿಸ್ಟನ್ ಮೇಲೆ ಕೆಳಗೆ ಚಲಿಸುವ ದೂರ ತೆರಿಗೆಯ ಲೆಕ್ಕಕ್ಕೆ ಸೇರುತ್ತಿರಲಿಲ್ಲವಾದ್ದರಿಂದ ಅದನ್ನು 3 ಇಂಚಿಗೆ ಉದ್ದ ಮಾಡಿದರು. ಹೀಗೆ ಸಿಕ್ಕಿದ್ದು 747 ಸಿಸಿಯ ಎಂಜಿನ್.

ಈ ಕಾರು ಹುಟ್ಟಿದ್ದು ಕಷ್ಟಕಾಲದಲ್ಲಿ. ಬರ್ಮಿಂಗ್‌ಹ್ಯಾಮ್ ಸಮೀಪದ ಲಾಂಗ್‌ಬ್ರಿಜ್‌ನಲ್ಲಿದ್ದ ಆಸ್ಟಿನ್ ಕಂಪನಿ 1921ರಲ್ಲಿ ಸಾಲ ಕೊಟ್ಟವರ ಪರ ನೇಮಕಗೊಂಡ ಆಡಳಿತಗಾರರ ಕೈಗೆ ಹೋಗಿದ್ದಾಗ, ಅದರ ಸ್ಥಾಪಕ ಹರ್ಬರ್ಟ್ ಆಸ್ಟಿನ್ ತಮ್ಮ ಮನೆಯ ಬಿಲಿಯರ್ಡ್ಸ್ ಕೋಣೆಯಲ್ಲೇ ಹದಿಹರೆಯದ ನಕ್ಷೆಗಾರ ಸ್ಟ್ಯಾನ್ಲಿ ಎಡ್ಜ್ ಅವರನ್ನು ಕೂರಿಸಿಕೊಂಡು ನಕ್ಷೆ ಬರೆಸಿದರು. 1922ರ ಜುಲೈನಲ್ಲಿ ಕಾರು ಪ್ರಕಟವಾಯಿತು. ಬೆಲೆ 165 ಪೌಂಡ್. ಎಡ್ಜ್ ಅವರ ಹೆಸರು ಇನ್ನಷ್ಟು ಜನರ ಬಾಯಲ್ಲಿರಬೇಕಿತ್ತು ಎಂದು ನನಗೆ ಅನ್ನಿಸುತ್ತದೆ.

ಈಗ ಕಾರಿನ ಬಳಿ ಕುಳಿತು ಕೆಳಗೆ ಇಣುಕಿ ನೋಡಿ. ಚಾಸಿ, ಅಂದರೆ ಇಡೀ ಕಾರನ್ನು ಹೊರುವ ಅಡಿಚೌಕಟ್ಟು, ಇಂಗ್ಲಿಷಿನ ಎ ಅಕ್ಷರದಂತಿರುತ್ತದೆ. ಅದರ ತುದಿಯಲ್ಲಿ, ಮುಂದಿನ ಎರಡು ಚಕ್ರಗಳಿಗೂ ಸೇರಿ ಅಡ್ಡಲಾಗಿ ಒಂದೇ ಲೀಫ್ ಸ್ಪ್ರಿಂಗ್ (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಇರುತ್ತದೆ. ಹಿಂದಿನ ಸ್ಪ್ರಿಂಗುಗಳು ಚಾಸಿಯ ಕೊನೆಯಿಂದ ಹಿಂದಕ್ಕೆ ಚಾಚಿಕೊಂಡಿರುತ್ತವೆ. ಖರ್ಚನ್ನೂ ತೂಕವನ್ನೂ ಎಲ್ಲಿ ಉಳಿಸಿದರೆಂಬುದು ಇಲ್ಲಿ ಕೈಗೆ ತಾಗುವಷ್ಟು ಸ್ಪಷ್ಟ. ಹಾಗೆಂದು ಬ್ರೇಕಿನಲ್ಲಿ ಕೈ ಬಿಗಿ ಹಿಡಿಯಲಿಲ್ಲ. ದುಬಾರಿ ಕಾರುಗಳಲ್ಲೂ ಅಪರೂಪವಾಗಿದ್ದ ನಾಲ್ಕು ಚಕ್ರದ ಬ್ರೇಕು ಇದಕ್ಕಿತ್ತು. ಮೊದಲ ವರ್ಷಗಳಲ್ಲಿ ಪೆಡಲ್ ಹಿಂದಿನ ಚಕ್ರಗಳನ್ನೂ ಕೈಬ್ರೇಕು ಮುಂದಿನ ಚಕ್ರಗಳನ್ನೂ ಹಿಡಿಯುತ್ತಿದ್ದವು. 1930ರಲ್ಲಿ ಎರಡನ್ನೂ ಜೋಡಿಸಲಾಯಿತು.

ಕಾಲ ಗುರುತಿಸಲು ಮಾಲೀಕರ ಅನುಮತಿ ಪಡೆದು ಬಾನೆಟ್ ತೆರೆಸಿ. ಪೆಟ್ರೋಲ್ ಟ್ಯಾಂಕ್ ಅಲ್ಲೇ, ಡ್ಯಾಶ್‌ಬೋರ್ಡಿನ ಮುಂದೆ ಎತ್ತರದಲ್ಲಿದ್ದರೆ, ಪೆಟ್ರೋಲು ಪಂಪಿನ ಹಂಗಿಲ್ಲದೆ ತಾನಾಗಿಯೇ ಇಳಿಯುತ್ತಿದ್ದ ಹಳೆಯ ಮಾದರಿ ಅದು. 1932ರ ಸುಮಾರಿಗೆ ಟ್ಯಾಂಕು ಹಿಂಬದಿಗೆ ಹೋಯಿತು. ಪೆಟ್ರೋಲು ಹೊತ್ತಿಸುವ ಕಿಡಿಗೆ ಮ್ಯಾಗ್ನೆಟೊ (ತಾನೇ ವಿದ್ಯುತ್ ಹುಟ್ಟಿಸುವ ಸಾಧನ) ಇದ್ದರೆ ಸಾಮಾನ್ಯವಾಗಿ 1928ಕ್ಕಿಂತ ಮುಂಚಿನದು, ಬ್ಯಾಟರಿಯ ವಿದ್ಯುತ್ತನ್ನು ಬಳಸುವ ಕಾಯಿಲ್ ಇದ್ದರೆ ನಂತರದ್ದು. ಗೇರು ಮೂರರಿಂದ ನಾಲ್ಕಾದದ್ದು 1932ರ ಹೊತ್ತಿಗೆ. ಹೊಳೆಯುವ ರೇಡಿಯೇಟರಿನ ಬದಲು ಬಾಡಿಯ ಬಣ್ಣವನ್ನೇ ಬಳಿದ ಮುಸುಕು ಕಂಡರೆ ಅದು 1934ರಲ್ಲಿ ಬಂದ ರೂಬಿ ಮಾದರಿಯಾಗಿರಬಹುದು.

ಯಾವುದೇ ಒಂದು ಗುರುತನ್ನು ನೋಡಿ ತೀರ್ಮಾನಕ್ಕೆ ಬರಬೇಡಿ. 1939ರವರೆಗೆ ತಯಾರಾದ ಸುಮಾರು 2,90,000 ಕಾರುಗಳ ಬಿಡಿಭಾಗಗಳು ಒಂದರಿಂದ ಇನ್ನೊಂದಕ್ಕೆ ಸಲೀಸಾಗಿ ಹೋಗಿವೆ. ಚಾಸಿಯ ಸಂಖ್ಯೆಯನ್ನೂ ಎಂಜಿನ್ನಿನ ಸಂಖ್ಯೆಯನ್ನೂ ಬೇರೆಬೇರೆಯಾಗಿ ಬರೆದುಕೊಂಡು ಹಳೆಯ ನೋಂದಣಿ ಪುಸ್ತಕದೊಂದಿಗೆ ತಾಳೆ ನೋಡಿದರೆ ಮಾತ್ರ ಯಾವ ಭಾಗ ಮೂಲದ್ದೆಂದು ಗೊತ್ತಾಗುತ್ತದೆ.

ಇದೇ ಆಕಾರದ ಕಾರಿನ ಮೇಲೆ ಬಿಎಂಡಬ್ಲ್ಯು ಲಾಂಛನ ಕಂಡರೆ ಯಾರೋ ಬದಲಿಸಿದ್ದಾರೆಂದು ಭಾವಿಸಬೇಡಿ. ಜರ್ಮನಿಯ ಐಸೆನಾಖ್ ಊರಿನ ಕಾರ್ಖಾನೆಯೊಂದು ಪರವಾನಗಿ ಪಡೆದು ಸೆವೆನ್ ಅನ್ನು ಡಿಕ್ಸಿ ಎಂಬ ಹೆಸರಿನಲ್ಲಿ ತಯಾರಿಸುತ್ತಿತ್ತು. 1928ರಲ್ಲಿ ಆ ಕಾರ್ಖಾನೆಯನ್ನು ಕೊಂಡ ಬಿಎಂಡಬ್ಲ್ಯು, ಕಾರು ತಯಾರಿಕೆಗೆ ಕಾಲಿಟ್ಟದ್ದೇ ಈ ಪುಟ್ಟ ಕಾರಿನಿಂದ.