ಲೇನ್ ಹಿಡಿಯದ ಊರಿಗೊಂದು ಟ್ರಾಫಿಕ್ ಸಿಮ್ಯುಲೇಶನ್

ಬೆಂಗಳೂರಿನ ಔಟರ್ ರಿಂಗ್ ರೋಡ್‌ನ ಒಂದು ತುಂಡನ್ನು ಸುಮೋದಲ್ಲಿ ಕಟ್ಟಿದ್ದೇನೆ. ಟಾಟಾದವರ ಗಾಡಿಯಲ್ಲ! ಜರ್ಮನಿಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ ಡಿಎಲ್‌ಆರ್ ಬೆಳೆಸಿಕೊಂಡು ಬಂದಿರುವ, 2001ರಿಂದ ಉಚಿತವಾಗಿ ಸಿಗುವ ಟ್ರಾಫಿಕ್ ಸಿಮ್ಯುಲೇಟರ್ ಇದು, ಅಂದರೆ ರಸ್ತೆಯ ಓಡಾಟವನ್ನು ಕಂಪ್ಯೂಟರ್‌ನಲ್ಲಿ ಅನುಕರಿಸುವ ಸಾಫ್ಟ್‌ವೇರ್. ಪ್ರತಿ ಗಾಡಿಯೂ ಮುಂದಿನದನ್ನು ನೋಡಿ ತನ್ನ ವೇಗ ಹೊಂದಿಸಿಕೊಳ್ಳುತ್ತದೆ, ಅಷ್ಟೇ. ಜಾಮ್ ಆಗು ಅಂತ ಯಾರೂ ಬರೆದಿರುವುದಿಲ್ಲ, ಅದು ತಾನಾಗಿ ಹುಟ್ಟುತ್ತದೆ.

ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ, ಜನರೇ ಸೇರಿ ಮಾಡಿದ ಉಚಿತ ನಕ್ಷೆಯಿಂದ ಬರುತ್ತದೆ. ಸರ್ವಿಸ್ ರೋಡ್‌ಗಳ ಲೇನ್, ಸಿಗ್ನಲ್ ಸಮಯ ಇವನ್ನು ಮಾತ್ರ ಕೂತು ತುಂಬಬೇಕು.

ತಲೆನೋವು ಶುರುವಾಗುವುದು ಬೈಕ್‌ಗಳಿಂದ. ಸುಮೋವನ್ನು ಹಾಗೇ ಬಿಟ್ಟರೆ ಒಂದು ಲೇನ್‌ನಲ್ಲಿ ಒಂದರ ಹಿಂದೊಂದು ಗಾಡಿ ನಿಲ್ಲಿಸುತ್ತದೆ. ಹತ್ತು ಬೈಕ್ ಕಾರಿನ ಹಿಂದೆ ಸಾಲಾಗಿ ನಿಂತಿದ್ದನ್ನು ನಮ್ಮೂರಲ್ಲಿ ಯಾರಾದರೂ ನೋಡಿದ್ದಾರಾ? ಅದಕ್ಕೇ ಸಬ್‌ಲೇನ್ ಮಾದರಿ ಹಾಕಿದೆ. 3.2 ಮೀಟರ್ ಲೇನನ್ನು 0.8 ಮೀಟರ್‌ನ ನಾಲ್ಕು ಪಟ್ಟಿ ಮಾಡಿ, ಗಾಡಿಗಳ ನಡುವಿನ ಪಕ್ಕದ ಅಂತರವನ್ನೂ ಇಳಿಸಿದೆ. ಈಗ ಬೈಕ್ ಆಟೋ ಪಕ್ಕದ ಸಂದಿಯಲ್ಲಿ ನುಸುಳಿ ಸಿಗ್ನಲ್ ಮುಂದೆ ಬಂದು ನಿಲ್ಲುತ್ತದೆ. ಹಸಿರು ಬಿದ್ದ ಕೂಡಲೇ ಆ ಗುಂಪೇ ಮೊದಲು ಹೊರಡುತ್ತದೆ. ಒಂದು ಹಸಿರಿಗೆ ಎಷ್ಟು ಗಾಡಿ ದಾಟುತ್ತವೆ ಅನ್ನುವ ಲೆಕ್ಕವೇ ಬದಲಾಗುತ್ತದೆ. ಕಂಪ್ಯೂಟರ್ ಮಾತ್ರ ತೆವಳುತ್ತದೆ.

ಸುಮೋಗೆ ಇನ್ನೊಂದು ಅಭ್ಯಾಸ ಇದೆ. 300 ಸೆಕೆಂಡ್ ಕದಲದ ಗಾಡಿಯನ್ನು ಅದು ಎತ್ತಿ ಮುಂದಿನ ರಸ್ತೆಯಲ್ಲಿ ಬಿಡುತ್ತದೆ. ಟೆಲಿಪೋರ್ಟ್ ಅಂತಾರೆ. ನಮಗೂ ಆ ಸೌಲಭ್ಯ ಇದ್ದಿದ್ದರೆ! ಹೀಗೆ ಗಾಡಿ ಮಾಯವಾದರೆ ಜಾಮ್ ಸುಳ್ಳೇ ಕರಗುತ್ತದೆ. ಹಾಗಾಗಿ ಫಲಿತಾಂಶಕ್ಕಿಂತ ಮೊದಲು ಲಾಗ್‌ನಲ್ಲಿ, ಅಂದರೆ ಸುಮೋ ಬರೆದಿಡುವ ದಾಖಲೆಯಲ್ಲಿ, ಟೆಲಿಪೋರ್ಟ್ ಎಷ್ಟಿವೆ ನೋಡುತ್ತೇನೆ. ಒಂದೇ ತಿರುವಿನಲ್ಲಿ ಜಾಸ್ತಿ ಇದ್ದರೆ ಟ್ರಾಫಿಕ್‌ಗಿಂತ ನಕ್ಷೆಯ ಮೇಲೆ ಅನುಮಾನ ಪಡಬೇಕು. ಸಾಮಾನ್ಯವಾಗಿ ಅಲ್ಲಿ ಲೇನ್‌ಗಳ ಜೋಡಣೆ ತಪ್ಪಿರುತ್ತದೆ.

ಕೊನೆಗೆ ನಿಜವಾದ ರಸ್ತೆಯ ವಿಡಿಯೊ ನೋಡಿ ಎಣಿಸಿದ ಲೆಕ್ಕದ ಜೊತೆ ತಾಳೆ. ಅದಕ್ಕೆ ಜಿಇಎಚ್ ಎಂಬ ಸೂತ್ರ ಬಳಸುತ್ತೇವೆ; ಎಣಿಕೆಗೂ ಮಾದರಿಗೂ ಎಷ್ಟು ವ್ಯತ್ಯಾಸ ಅಂತ ಹೇಳುವ ಅಂಕಿ ಅದು, ಕಡಿಮೆ ಇದ್ದಷ್ಟೂ ಒಳ್ಳೆಯದು. ಗಂಟೆಗೆ 1000 ಗಾಡಿ ಇರುವ ಕಡೆ ಮಾದರಿ 1100 ತೋರಿಸಿದರೆ ಸುಮಾರು 3 ಬರುತ್ತದೆ. 100 ಇರುವ ಕಡೆ 200 ತೋರಿಸಿದರೆ 8 ದಾಟುತ್ತದೆ. 85% ಜಾಗಗಳಲ್ಲಿ 5ರ ಒಳಗಿದ್ದರೆ ಪಾಸ್ ಅನ್ನುವುದು ವಾಡಿಕೆ. ನನಗೆ ಅದು ಸಾಲದು. ಅರ್ಧ ಖಾಲಿ ರಸ್ತೆಯಲ್ಲೂ, ತೆವಳುವ ಜಾಮ್‌ನಲ್ಲೂ ಗಂಟೆಗೆ ದಾಟುವ ಗಾಡಿಗಳ ಸಂಖ್ಯೆ ಒಂದೇ ಇರಬಹುದು, ಅಲ್ವಾ? ಅದಕ್ಕೇ ಸಾಲಿನ ಉದ್ದವನ್ನೂ ಅಳೆಯುತ್ತೇನೆ. ಸಿಮ್ಯುಲೇಶನ್‌ನ ಯಾದೃಚ್ಛಿಕ ಆಯ್ಕೆಗಳಿಗೆ ಮೂಲವಾದ ಸೀಡ್ ಸಂಖ್ಯೆ ಬದಲಿಸಿ ಮತ್ತೆ ಮತ್ತೆ ಓಡಿಸುತ್ತೇನೆ. ಬದಲಿಸದಿದ್ದರೆ ಸುಮೋ ಪ್ರತಿ ಸಲವೂ ಅದೇ ದಿನವನ್ನೇ ತೋರಿಸುತ್ತದೆ.