ಏಜೆಂಟರ ಬಳಿ ಕಾರು ವಿಮೆ ಮಾಡಿಸುವುದು ಹೇಗೆ?

ಮೊಬೈಲ್‌ನಲ್ಲೇ ವಿಮೆ ಸಿಗುವಾಗ ಊರಿನ ಏಜೆಂಟರ ಬಳಿ ಏಕೆ ಹೋಗಬೇಕು? ಕಾರು ಗುದ್ದಿಸಿಕೊಂಡ ದಿನ ಫೋನ್ ಎತ್ತಿ ಮಾತನಾಡುವ, ಹಾನಿ ಅಳೆಯುವ ಸರ್ವೇಯರ್ ಬರುವಂತೆ ನೋಡಿಕೊಳ್ಳುವ ಮನುಷ್ಯ ಬೇಕು ಎಂಬ ಕಾರಣಕ್ಕೆ. ಆದ್ದರಿಂದ ‘ಯಾರು ಕಡಿಮೆಗೆ ಮಾಡಿಕೊಡುತ್ತಾರೆ’ ಎಂದು ವಿಚಾರಿಸಬೇಡಿ. ಗ್ಯಾರೇಜಿನಲ್ಲಿ, ನೆರೆಹೊರೆಯಲ್ಲಿ ‘ಯಾರು ಕ್ಲೇಮು (ಪರಿಹಾರ) ಮಾಡಿಸಿಕೊಟ್ಟರು’ ಎಂದು ಕೇಳಿ.

ಹೆಸರು ಸಿಕ್ಕ ಮೇಲೆ ಅವರು ಯಾವ ಕಂಪನಿಯ ಏಜೆಂಟ್ ಎಂದು ತಿಳಿದುಕೊಂಡು ಗುರುತಿನ ಚೀಟಿ ನೋಡಿ. ಹಳೆಯ ಪಾಲಿಸಿ ಮುಗಿಯಲು ಎರಡು ವಾರ ಇರುವಾಗಲೇ ಆರ್‌ಸಿ, ಹಳೆಯ ಪಾಲಿಸಿ, ಪ್ಯಾನ್, ಆಧಾರ್ ಪ್ರತಿಗಳೊಂದಿಗೆ ಹೋಗಿ. ಅವಧಿ ಮುಗಿದರೆ ಕಾರಿನ ತಪಾಸಣೆ ಆಗಬೇಕಾಗುತ್ತದೆ. 90 ದಿನ ದಾಟಿದರೆ ವರ್ಷಗಳಿಂದ ಕೂಡಿಬಂದ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮು ಮಾಡದ್ದಕ್ಕೆ ಸಿಗುವ ರಿಯಾಯಿತಿ, ಕೈತಪ್ಪುತ್ತದೆ. ವಿಮೆಯಿಲ್ಲದೆ ಓಡಿಸಿ ಸಿಕ್ಕಿಬಿದ್ದರೆ ಮೊದಲ ಸಲಕ್ಕೇ 2,000 ರೂಪಾಯಿ ದಂಡ.

ಇನ್ನು ಕಂತಿನ, ಅಂದರೆ ಪ್ರೀಮಿಯಂನ, ಲೆಕ್ಕ. ಒಟ್ಟು ಮೊತ್ತವೊಂದನ್ನೇ ಹೇಳಿದರೆ ಒಪ್ಪದೆ ವಿವರವಾದ ಕೊಟೇಶನ್ ಕೇಳಿ. ಥರ್ಡ್ ಪಾರ್ಟಿ, ಅಂದರೆ ನಿಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಯ, ಕಂತನ್ನು ನಿಗದಿ ಮಾಡುವುದು ಸರ್ಕಾರ. 2022ರ ಜೂನ್ 1ರಿಂದ ಜಾರಿಗೆ ಬಂದ ದರದಂತೆ 1,000 ಸಿಸಿವರೆಗಿನ ಖಾಸಗಿ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1,500 ಸಿಸಿವರೆಗೆ 3,416 ರೂಪಾಯಿ. ಇದರಲ್ಲಿ ಚೌಕಾಸಿಗೆ ಎಡೆಯಿಲ್ಲ. ರಿಯಾಯಿತಿ ಸಿಗುವುದೇನಿದ್ದರೂ ನಿಮ್ಮ ಕಾರಿನ ಹಾನಿಗೆ ಕಟ್ಟುವ ಭಾಗದಲ್ಲಿ. ಅಲ್ಲಿ ಕಂತು ತೀರಾ ಇಳಿದಿದ್ದರೆ ಐಡಿವಿ, ಅಂದರೆ ಕಾರಿಗೆ ಕಟ್ಟಿದ ಬೆಲೆ, ಎಷ್ಟಿದೆ ಎಂದು ನೋಡಿ. ಕಾರು ಕಳುವಾದರೆ ಸಿಗುವ ಪರಿಹಾರ ಅದರ ಮೇಲೇ ನಿಂತಿದೆ. ಸಾವಿರ ರೂಪಾಯಿ ಉಳಿಸಲು ಹೋಗಿ ಐವತ್ತು ಸಾವಿರ ಬಿಟ್ಟುಕೊಡುವುದು ಲಾಭವಲ್ಲ.

ಹೋದ ವರ್ಷ ಕ್ಲೇಮು ಮಾಡಿದ್ದರೆ ಅದನ್ನು ಮುಚ್ಚಿಟ್ಟು ಬೋನಸ್ ಹಾಕಿಸಿಕೊಳ್ಳಬೇಡಿ, ಏಜೆಂಟರೇ ‘ಏನೂ ಆಗುವುದಿಲ್ಲ’ ಎಂದರೂ ಸರಿಯೇ. ಹೊಸ ಕಂಪನಿ ಹಳೆಯ ಕಂಪನಿಯನ್ನು ವಿಚಾರಿಸುತ್ತದೆ. ಸುಳ್ಳು ಬಯಲಾದರೆ ಅಪಘಾತದ ಪರಿಹಾರಕ್ಕೇ ಕುತ್ತು.

ಆಡ್-ಆನ್‌ಗಳಲ್ಲಿ, ಅಂದರೆ ಹೆಚ್ಚು ಹಣ ಕೊಟ್ಟು ಸೇರಿಸಿಕೊಳ್ಳುವ ರಕ್ಷಣೆಗಳಲ್ಲಿ, ಎರಡನ್ನು ಯೋಚಿಸಿ. ಪ್ಲಾಸ್ಟಿಕ್, ರಬ್ಬರ್ ಭಾಗಗಳ ಬೆಲೆಯಲ್ಲಿ ಕಂಪನಿ ಶೇ 50ರಷ್ಟು ಸವಕಳಿ ಕಳೆಯುತ್ತದೆ. ಇಂದಿನ ಬಂಪರ್‌ಗಳೆಲ್ಲ ಪ್ಲಾಸ್ಟಿಕ್ಕೇ ಆದ್ದರಿಂದ ಹೊಸ ಕಾರಿಗೆ ಈ ಸವಕಳಿ ಕಳೆಯದ ‘ಜೀರೋ ಡೆಪ್ರಿಸಿಯೇಶನ್’ ಒಳ್ಳೆಯದು. ಬೆಂಗಳೂರಿನಂತೆ ಮಳೆಗೆ ಅಂಡರ್‌ಪಾಸ್ ತುಂಬುವ ಊರಿನಲ್ಲಿದ್ದರೆ ಎಂಜಿನ್ ರಕ್ಷಣೆಯನ್ನೂ ಸೇರಿಸಿ. ನೀರಿನಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡಲು ಹೋಗಿ ಎಂಜಿನ್ ಕೆಟ್ಟರೆ ಸಾಮಾನ್ಯ ಪಾಲಿಸಿಯಲ್ಲಿ ಪರಿಹಾರ ಸಿಗುವುದು ಕಷ್ಟ.

ಹಣವನ್ನು ಏಜೆಂಟರ ಸ್ವಂತ ಖಾತೆಗೆ ಹಾಕದೆ ಕಂಪನಿಯ ಹೆಸರಿನ ಚೆಕ್ ಮೂಲಕ, ಇಲ್ಲವೇ ಕಂಪನಿ ಕಳುಹಿಸುವ ಲಿಂಕ್ ಮೂಲಕ ಕಟ್ಟಿ. ಕಂತು ಕಂಪನಿಗೆ ಸಂದಾಯವಾಗದೆ ರಕ್ಷಣೆ ಶುರುವಾಗುವುದಿಲ್ಲ.

ಪಾಲಿಸಿ ಬಂದ ದಿನವೇ ಆರ್‌ಸಿಯನ್ನು ಪಕ್ಕದಲ್ಲಿಟ್ಟುಕೊಂಡು ಚಾಸಿ ಸಂಖ್ಯೆಯ ಹದಿನೇಳು ಅಕ್ಷರ-ಅಂಕಿಗಳನ್ನು ಬೆರಳಿಟ್ಟು ಹೋಲಿಸಿ. 8 ಇರಬೇಕಾದಲ್ಲಿ ಬಿ, ಸೊನ್ನೆಯ ಬದಲು ಡಿ ಬಿದ್ದಿರುವುದುಂಟು. ಸಾಲವಿದ್ದರೆ ಬ್ಯಾಂಕಿನ ಹೆಸರು, ಸಿಎನ್‌ಜಿ ಕಿಟ್ ಹಾಕಿಸಿದ್ದರೆ ಅದೂ ನಮೂದಾಗಿರಬೇಕು. ಮೊಬೈಲ್ ಸಂಖ್ಯೆಯ ಜಾಗದಲ್ಲಿ ಏಜೆಂಟರ ಸಂಖ್ಯೆ ಇದ್ದರೆ ಬದಲಿಸಲು ಹೇಳಿ. ಇಲ್ಲವಾದರೆ ಕ್ಲೇಮಿನ ಸಂದೇಶ, ಒಟಿಪಿ ಎಲ್ಲವೂ ಅವರಿಗೇ ಹೋಗುತ್ತವೆ. ತಪ್ಪು ಕಂಡರೆ ಬಾಯಿಮಾತಿನಲ್ಲಿ ಬಿಡದೆ ಕಂಪನಿಯಿಂದ ಲಿಖಿತ ತಿದ್ದುಪಡಿ, ಅಂದರೆ ಎಂಡಾರ್ಸ್‌ಮೆಂಟ್, ಪಡೆದುಕೊಳ್ಳಿ.