ಮಾರ್ಕರ್ ಯಾವಾಗ ಮಗುವಿನ ಕೈಗೆ?

ಒಂದನೇ, ಎರಡನೇ ತರಗತಿಗೆ ಬರವಣಿಗೆ ಕಲಿಸುವಾಗ ನಾನು ಹೆಚ್ಚು ನೆಚ್ಚಿಕೊಂಡಿರುವುದು ಚಾರ್ಟ್ ಹಾಳೆಯ ಮುಂದೆ ಎಲ್ಲರೂ ಸೇರಿ ಬರೆಯುವುದನ್ನು. ಸಲಕ್ಕೆ 15ರಿಂದ 20 ನಿಮಿಷ, ಒಂದೋ ಎರಡೋ ವಾಕ್ಯ. ಇನ್ನೂ ಎಳೆದರೆ ಹಿಂದೆ ಕೂತವರು ಪಕ್ಕದವರ ಚೀಲ ತಡಕಲು ಶುರುಮಾಡುತ್ತಾರೆ.

ಬರೆಯುವ ವಿಷಯ ಎಲ್ಲರ ಕಣ್ಣೆದುರು ನಡೆದದ್ದಾಗಿರಬೇಕು. ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟ ಕಾಳು ಮೊಳಕೆ ಬಂದ ದಿನ ಸೊಗಸಾಗಿ ಒದಗುತ್ತದೆ. ‘ನನ್ನ ರಜೆ’ ಎಂಬಂಥದ್ದು ಇಲ್ಲಿ ಕೈಕೊಡುತ್ತದೆ, ಒಬ್ಬೊಬ್ಬರ ರಜೆಯೂ ಒಂದೊಂದು ಕಡೆ ಎಳೆಯುತ್ತದೆ.

ಮೊದಲು ಮಾತು. ಮೂರ್ನಾಲ್ಕು ಮಕ್ಕಳು ಹೇಳಿದ್ದರಲ್ಲಿ ಒಂದನ್ನು ಆರಿಸಿಕೊಳ್ಳುತ್ತೇವೆ: ‘ಕಾಳಿಗೆ ಬಿಳಿ ಬಾಲ ಬಂದಿದೆ.’ ಇದನ್ನು ‘ಕಾಳು ಮೊಳಕೆಯೊಡೆದಿದೆ’ ಎಂದು ತಿದ್ದಲು ನಾಲಿಗೆ ತುರಿಸುತ್ತದೆ. ತಿದ್ದಬೇಡಿ, ಬಾಲ ಅವರು ಕಂಡದ್ದು. ಎಲ್ಲರೂ ಮೂರು ಸಲ ಹೇಳಿ, ಬೆರಳು ಮಡಚುತ್ತ ಪದ ಎಣಿಸುತ್ತಾರೆ. ನಾಲ್ಕು ಪದಕ್ಕೆ ಹಾಳೆಯಲ್ಲಿ ನಾಲ್ಕು ಗೆರೆ, ನಡುನಡುವೆ ಎರಡು ಬೆರಳಗಲ ಜಾಗ. ಕನ್ನಡದಲ್ಲಿ ಈ ಎಣಿಕೆಯೇ ತೊಡಕು. ‘ಕಾಳೆಲ್ಲ’ ಎಂದು ಒಂದೇ ಉಸಿರಿಗೆ ಹೇಳುವ ಮಗುವಿಗೆ ಅದು ಒಂದು ಪದವೋ ಎರಡೋ ಕಿವಿಯಿಂದ ತಿಳಿಯದು. ಹಾಗಾಗಿ ಮೊದಲ ಕೆಲವು ತಿಂಗಳು ಸಂಧಿಯಾಗುವ ಮಾತುಗಳನ್ನು ನಾನೇ ಮೆಲ್ಲಗೆ ತಪ್ಪಿಸುತ್ತೇನೆ.

ಇನ್ನು ಮಾರ್ಕರ್. ಪ್ರತಿ ಅಕ್ಷರವನ್ನೂ ಮಕ್ಕಳಿಂದಲೇ ಬರೆಸಿದರೆ ಪೀರಿಯಡ್ ಮುಗಿದರೂ ವಾಕ್ಯ ಮುಗಿಯದು. ಪೂರ್ತಿ ನಾವೇ ಬರೆದರೆ ಅವರು ನೋಡುತ್ತ ಕೂರುತ್ತಾರೆ. ಎಲ್ಲರಿಗೂ ಬರುವುದನ್ನು ನಾನು ಸರಸರ ಬರೆದುಬಿಡುತ್ತೇನೆ, ಇನ್ನೂ ಕಲಿಸದ್ದನ್ನೂ ನಾನೇ. ಅರ್ಧಂಬರ್ಧ ಬರುವುದು ಇದೆಯಲ್ಲ, ಅಲ್ಲಿ ಮಗುವನ್ನು ಕರೆಯುತ್ತೇನೆ. ಮೇಲಿನ ವಾಕ್ಯದಲ್ಲಿ ಅಂಥ ಜಾಗ ಎರಡೇ: ‘ಬಿಳಿ’ಯ ಗುಡಿಸುಗಳು, ‘ಬಂದಿದೆ’ಯ ಸೊನ್ನೆ.

ಒತ್ತಕ್ಷರಕ್ಕೆ ಮಾತ್ರ ಸಮಯ ಧಾರಾಳವಾಗಿ ಕೊಡಬೇಕು. ‘ಬಟ್ಟೆ ಒಣಗಿದೆ’ ಎನ್ನುವಾಗ ‘ಬಟ್ಟೆ’ಯನ್ನು ‘ಬಟೆ’ ಎಂದೋ ‘ಬಟಟೆ’ ಎಂದೋ ಬರೆಯುತ್ತಾರೆ. ಕಾರಣವಿದೆ: ‘ಎ’ ಸ್ವರ ಕಿವಿಗೆ ಬೀಳುವುದು ಎರಡನೇ ಟಕಾರದ ನಂತರ, ಎತ್ವ ಹತ್ತುವುದು ಮೇಲಿನ ಟಕಾರಕ್ಕೆ. ‘ಬಟ್-ಟೆ’ ಎಂದು ಚಪ್ಪಾಳೆ ತಟ್ಟಿಸಿ, ಮೊದಲು ‘ಟೆ’ ಬರೆಸಿ, ಆಮೇಲೆ ಕೆಳಗೆ ಒತ್ತು ಕೊಡಿಸುತ್ತೇನೆ.

ಒಬ್ಬರು ಹಾಳೆಯಲ್ಲಿ ಬರೆಯುವಾಗ ಉಳಿದವರು ಅದನ್ನೇ ಸ್ಲೇಟಿನಲ್ಲಿ ಬರೆಯಬೇಕು, ಇಲ್ಲದಿದ್ದರೆ ಗಲಾಟೆ. ತಪ್ಪಾದರೆ ಗೀಟು ಹಾಕುವುದಿಲ್ಲ. ಬಿಳಿ ಕಾಗದದ ಚೂರು ಅಂಟಿಸಿ ಅದರ ಮೇಲೆ ಬರೆಸುತ್ತೇನೆ. ಮಕ್ಕಳ ಬಾಯಲ್ಲಿ ಅದು ‘ಬ್ಯಾಂಡೇಜು’. ಪ್ರತಿ ಪದ ಮುಗಿದಾಗಲೂ ಕಡ್ಡಿಯಿಂದ ತೋರಿಸುತ್ತ ಮೊದಲಿನಿಂದ ಓದಿಸಬೇಕು. ಇದನ್ನು ಬಿಟ್ಟರೆ ಮೂರನೇ ಪದದ ಹೊತ್ತಿಗೆ ವಾಕ್ಯವೇ ಮರೆತುಹೋಗಿರುತ್ತದೆ.

ಹಾಳೆಯನ್ನು ನೋಟ್‌ಬುಕ್ಕಿಗೆ ನಕಲು ಮಾಡಿಸುವುದಿಲ್ಲ. ಮಕ್ಕಳ ಕಣ್ಣಿನ ಎತ್ತರಕ್ಕೆ ಗೋಡೆಗೆ ಅಂಟಿಸಿಡುತ್ತೇನೆ. ಸ್ವಂತ ವಾಕ್ಯ ಬರೆಯುವಾಗ ‘ಬಟ್ಟೆ’ಯ ಮೇಲೆ ಅನುಮಾನ ಬಂದವರು ಎದ್ದು ಹೋಗಿ ನೋಡಿ ಬರುತ್ತಾರೆ.